ವೇಮಗಲ್ಲಿನ ಉರುಳೆ ಶಾಸನ: ಒಂದು ಪಾಠವಿಮರ್ಶೆ

ಕೋಲಾರ ಜಿಲ್ಲೆಯ ಶಾಸನಗಳನ್ನು ಕಲೆಹಾಕಿ ರೈಸ್ ಸಾಹೇಬರು 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟ ಹೊರತಂದರು. ವೇಮಗಲ್ಲಿನ ಈ ಶಾಸನ ಅದರಲ್ಲಿಲ್ಲ. ತಪ್ಪು ಅವರದಲ್ಲ, ಆಗ ಅದಿನ್ನೂ ಹುಟ್ಟಿರಲಿಲ್ಲ.

ಸಿಕ್ಕ ಸ್ಥಳ: ನಮ್ಮ ಮನೆಯ ಅಟ್ಟದಲ್ಲಿದ್ದ ವಾಲ್ವ್ ಗಿಟಾರ್ ಆಂಪ್ಲಿಫೈಯರಿನ ಹೊಟ್ಟೆ. ಸ್ವರೂಪ: ಹೆಬ್ಬೆರಳು ಗಾತ್ರದ ಅಲ್ಯೂಮಿನಿಯಂ ಕಂಡೆನ್ಸರ್, ತಳ ಉಬ್ಬಿದೆ. ಪಾಠ: '50 ಮೈಕ್ರೋಫ್ಯಾರಡ್, 5… ವೋಲ್ಟ್'. ಐದರ ಮುಂದಿನದು ಸವೆದಿದೆ. ಸೊನ್ನೆಯೆಂಬುದು ನನ್ನ ಓದು. ಜಿರಲೆ ಮಾಡಿದ್ದೆಂಬುದು ಮಗಳ ಪಾಠಾಂತರ. ಮೈಕ್‌ಸೆಟ್ ರಿಪೇರಿಯ ನಮ್ಮ ಮಾವ ಭೂತಗನ್ನಡಿಯನ್ನೂ ಮುಟ್ಟದೆ, "ಏನಾದ್ರೂ ಇರ್ಲಿ, ನೂರು ವೋಲ್ಟಿಂದು ಹಾಕ್ಬಿಡಪ್ಪ" ಎಂದರು.

ಪಾಂಡಿತ್ಯಕ್ಕೆ ಅವಮಾನವಾದರೂ ಮಾತು ಸರಿ. ಈ ಕಂಡೆನ್ಸರ್ ಬಯಾಸಿನದು; ಬಯಾಸ್ ಎಂದರೆ ವಾಲ್ವಿನ ಮೂಗುದಾರ. ಇದರಲ್ಲಿರುವ ಈಎಲ್34 ವಾಲ್ವಿನ ಗ್ರಿಡ್ಡಿಗೆ ಸುಮಾರು 35ರಿಂದ 40 ವೋಲ್ಟ್ ಋಣ ಬೇಕು. ಪಂಪ್‌ಸೆಟ್‌ಗಳೆಲ್ಲ ನಿಂತ ಮೇಲೆ ಊರ ಕರೆಂಟು ಏರಿದರೆ 50 ವೋಲ್ಟಿನ ಕಂಡೆನ್ಸರಿಗೆ ಉಸಿರಾಡಲು ಜಾಗವಿರದು. ಮೈಕ್ರೋಫ್ಯಾರಡ್ಡಿನಲ್ಲಿ ಅಷ್ಟು ಮಡಿಯಿಲ್ಲ: 50ರ ಬದಲು 47 ನಡೆಯುತ್ತದೆ, 100ಕ್ಕೂ ಅಡ್ಡಿಯಿಲ್ಲ, ಮೂಗುದಾರ ಬಿಗಿಯಲು ಒಂದು ಗಳಿಗೆ ಹೆಚ್ಚು ಹಿಡಿದೀತು, ಅಷ್ಟೆ.

ಪೂರ್ವಪಕ್ಷ ಪಕ್ಕದ ತೋಟದವರದು. ಬೋರ್‌ವೆಲ್ ಪ್ಯಾನೆಲ್ಲಿಂದ ಬಿಚ್ಚಿದ 36 ಮೈಕ್ರೋಫ್ಯಾರಡ್, 440 ವೋಲ್ಟಿನ ಕಂಡೆನ್ಸರ್ ತಂದು, "ಇದ್ಯಾಕಾಗಲ್ಲ ಸಾರ್?" ಎಂದರು. ಆಗುತ್ತದೆ. ಅದಕ್ಕೆ ಧನ ಋಣಗಳ ಭೇದವೇ ಇಲ್ಲ, ಪರಮ ಅದ್ವೈತಿ. ಆದರೆ ಗಾತ್ರ ಕಾಫಿ ಲೋಟದಷ್ಟು. ಅದನ್ನು ಒಳಗಿಟ್ಟರೆ ವಾಲ್ವುಗಳು ಹೊರಗಿರಬೇಕು.

ಶಾಸನಗಳಲ್ಲಿ ದಾನ ಆಚಂದ್ರಾರ್ಕ ನಿಲ್ಲುತ್ತದೆ. ಹೊಸ ಕಂಡೆನ್ಸರಿನ ಮೇಲೆ 105 ಡಿಗ್ರಿ ಎಂದಷ್ಟೇ ಇರುತ್ತದೆ. ಆ ಬಿಸಿಯಲ್ಲಿ ಅದರ ಆಯುಷ್ಯ, ಸಾಧಾರಣ ಜಾತಿಯದಾದರೆ, 2,000 ಗಂಟೆ. ಹತ್ತು ಡಿಗ್ರಿ ಇಳಿದಂತೆಲ್ಲ ಆಯುಷ್ಯ ಇಮ್ಮಡಿ ಎಂಬುದು ರೂಢಿಯ ಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ. ಆದ್ದರಿಂದ ಅದನ್ನು ವಾಲ್ವಿನ ಮಗ್ಗುಲಲ್ಲಿ ಮಲಗಿಸಬಾರದು.

ಕೊನೆಗೆ ಶಾಪಾಶಯ. ಇಲ್ಲಿರುವುದು ಋಣ ವೋಲ್ಟೇಜು. ಹಾಗಾಗಿ ಕಂಡೆನ್ಸರಿನ ಧನದ ಕಾಲು ಚಾಸಿಗೆ ಹೋಗಬೇಕು. ಲೋಕರೂಢಿ ಇದಕ್ಕೆ ತದ್ವಿರುದ್ಧ, ನಾನೋ ಲೋಕರೂಢಿಯವನು. 'ಪಟ್' ಎಂದಿತು. ಮೂಗುದಾರ ಕಳಚಿದ ಎರಡು ವಾಲ್ವುಗಳು ಕೆಂಡದಂತೆ ಕೆಂಪಗಾಗಿ ವೀರಸ್ವರ್ಗ ಸೇರಿದವು. ವೀರಗಲ್ಲು ನೆಡಿಸುವ ವಿಚಾರ ಮನೆಯಲ್ಲಿ ಚರ್ಚೆಗೆ ಬಂದಿಲ್ಲ, ಬೆಲೆ ಮಾತ್ರ ಬಂದಿದೆ.

ಮುಂದಿನ ಸಂಶೋಧಕರಿಗೆ: ಸ್ವಿಚ್ ಆರಿಸಿದ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರುಗಳಲ್ಲಿ 400 ವೋಲ್ಟ್ ಉಳಿದಿರಬಹುದು; ಅದನ್ನು ಇಳಿಸದೆ ಬೆರಳಿಂದ ಪಾಠಶೋಧನೆ ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ 47 ಮೈಕ್ರೋಫ್ಯಾರಡ್, 100 ವೋಲ್ಟ್, 105 ಡಿಗ್ರಿಯವು ಎರಡು ತಂದುಕೊಡಿ. ಒಂದನ್ನು ನಾನು ಮತ್ತೆ ತಿರುಗಿಸಿ ಹಾಕುವ ಸಂಭವವಿದೆ.