ಅದುಮುವ ಚಕ್ಕುಲಿ

ನಮ್ಮ ಮನೆಯ ಚಕ್ಕುಲಿ ಈಚೆಗೆ ಮುರಿಯುವುದಿಲ್ಲ. ಅದುಮಿದರೆ ಚಪ್ಪಟೆಯಾಗುತ್ತದೆ, ಬಿಟ್ಟರೆ ನಿಧಾನವಾಗಿ ಉಬ್ಬಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಬೆಣ್ಣೆ ಹೆಚ್ಚಾಗಿ ಹೀಗಾದದ್ದಲ್ಲ. ಅದರಲ್ಲಿ ಹಿಟ್ಟೇ ಇಲ್ಲ. ಐದನೇ ಕ್ಲಾಸಿನ ಮಗಳು ಡ್ರಾಯಿಂಗ್ ಹಾಳೆಯಲ್ಲಿ ಮಾಡಿದ ಸ್ಕ್ವಿಶಿ ಅದು.

ಅಂಗಡಿಯಲ್ಲೂ ಸ್ಕ್ವಿಶಿ ಸಿಗುತ್ತದೆ, ಫೋಮಿನದು, ಬೇಕರಿಯ ವಾಸನೆ ಸಮೇತ. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಅಂಥ 12 ಆಟಿಕೆಗಳನ್ನು ಪರೀಕ್ಷಿಸಿ, ಹನ್ನೆರಡರಿಂದಲೂ ಆರೋಗ್ಯಕ್ಕಾಗದ ರಾಸಾಯನಿಕ ಹೊರಬರುತ್ತಿದೆ ಎಂದಿತು. ಈ ಸುದ್ದಿಯನ್ನು ನಾನು ಮನೆಯಲ್ಲಿ ಸ್ವಲ್ಪ ಜೋರಾಗಿಯೇ ಓದಿ ಹೇಳಿದೆ. ದುಡ್ಡು ಉಳಿಯಿತು, ಟೇಪು ಖರ್ಚಾಯಿತು.

ಮಾಡುವ ಕ್ರಮ ಸರಳ. ಒಂದೇ ಅಳತೆಯ ಎರಡು ಚಿತ್ರ ಬರೆದು ಬಣ್ಣ ಹಚ್ಚಬೇಕು. ಮೇಲೆ ಪಾರ್ಸೆಲ್ಲಿಗೆ ಹಾಕುವ ಅಗಲ ಟೇಪು ಅಂಟಿಸಿ, ಕತ್ತರಿಸಿ, ಅಂಚು ಕೂಡಿಸಿ, ಒಂದು ಕಡೆ ಬಾಯಿ ಬಿಟ್ಟು ಹೂರಣ ತುಂಬಿ ಮುಚ್ಚಬೇಕು. ಕೊನೆಗೆ ಸೂಜಿಯಲ್ಲಿ ಒಂದು ತೂತು. ತೂತಿಲ್ಲದಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಅಂಚು ಬಿಚ್ಚುತ್ತದೆ. ತೂತು ಸಣ್ಣದಾದಷ್ಟೂ ಉಬ್ಬುವುದು ತಡ. ಆ ತಡದಲ್ಲೇ ಮಜಾ. ಈ ಇಡೀ ಉದ್ಯಮದಲ್ಲಿ ದೊಡ್ಡವರಿಗೆ ಇರುವ ಕೆಲಸ ಒಂದೇ: ಟೇಪಿನ ತುದಿ ಹುಡುಕಿಕೊಡುವುದು. ರೋಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಲ್ಲಿ ಕೆರೆಯುತ್ತ, ಸುತ್ತುತ್ತ, ಸಿಕ್ಕಿತು ಅನ್ನುವಷ್ಟರಲ್ಲಿ ಅರ್ಧ ಅಗಲದಲ್ಲಿ ಸೀಳಿ ಬರುವ ಆ ತುದಿಯನ್ನು ಕಂಡುಹಿಡಿದವರಿಗೆ ನಮ್ಮ ಮನೆಯಲ್ಲಿ ಕಾಫಿ ಮೊದಲು.

ಹೂರಣಕ್ಕೆ ಹತ್ತಿ ಆಗುತ್ತದೆ, ಆದರೆ ಹತ್ತಿ ಮಾತಾಡುವುದಿಲ್ಲ. ಪರಪರ ಎನ್ನಬೇಕಾದರೆ ಕವರು ಬೇಕು. ಅದಕ್ಕೇನು ಬರ? ಅಡುಗೆಮನೆ ಬಾಗಿಲ ಹಿಂದೆ, ನೂರಾರು ಕವರು ನುಂಗಿ ಬಸುರಿಯಾದ ಒಂದು ಕವರು ತೂಗುತ್ತಿದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿತಲ್ಲ, ಆ ಆದೇಶ ನಮ್ಮತ್ತೆಯ ದಾಸ್ತಾನಿನ ತನಕ ಬಂದಿಲ್ಲ. ಮುಚ್ಚಿಹೋದ ಸೀರೆ ಅಂಗಡಿಗಳ ಕವರೆಲ್ಲ ಅಲ್ಲಿವೆ. ಒಂದೊಂದನ್ನು ಕೊಡುವಾಗಲೂ, “ಇದು ಚೆನ್ನಾಗಿರೋ ಕವರು ಕಣೆ,” ಎಂದು ಸವರಿ ಕೊಡುತ್ತಾರೆ.

ಮಗಳ ಮೊದಲ ತಿಂಡಿ ಚಿಪ್ಸ್ ಪ್ಯಾಕೆಟ್ಟು. ಅಸಲಿ ಪ್ಯಾಕೆಟ್ಟಿನೊಳಗೆ ಎಣ್ಣೆ ಕಮಟಬಾರದು, ಚಿಪ್ಸ್ ಪುಡಿಯಾಗಬಾರದು ಎಂದು ಸಾರಜನಕ ತುಂಬಿರುತ್ತಾರೆ. ಕಾರಣ ಒಪ್ಪತಕ್ಕದ್ದೇ. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ದುಡ್ಡಿಗೆ ತಕ್ಕ ಮಾಲು ಇರುವುದು ಕಾಗದದ್ದರಲ್ಲೇ.

ಆಮೇಲೆ ಅವಳು ಇಡ್ಲಿಗೆ ಇಳಿದಳು. ಬಣ್ಣವೇ ಬೇಡವಾದ್ದರಿಂದ ಅದು ಸೋಮಾರಿಗಳ ಸ್ಕ್ವಿಶಿ. ಕಷ್ಟ ಕೊಟ್ಟದ್ದು ಕೋಡುಬಳೆ. ಬಳೆಯೊಳಗೆ ಹೂರಣ ಹೋಗಲೊಲ್ಲದು. ಪೆನ್ಸಿಲಿನ ಹಿಂಬದಿಯಿಂದ ಕವರಿನ ಚೂರುಗಳನ್ನು ನೂಕುತ್ತ ಸುತ್ತು ಬರುವಷ್ಟರಲ್ಲಿ, ಒಂದು ಕಡೆ ಹೆಬ್ಬಾವು ಕುರಿ ನುಂಗಿದಂತೆ ಉಬ್ಬಿತ್ತು.

ಇದೆಲ್ಲದರ ವಿಮರ್ಶಕರು ನಮ್ಮತ್ತೆ. ಅವರು ಆಟಿಕೆಯನ್ನು ಆಟಿಕೆ ಎಂದು ನೋಡಿದವರೇ ಅಲ್ಲ. ಕಾಗದದ ನಿಪ್ಪಟ್ಟನ್ನು ತಿರುಗಿಸಿ ನೋಡಿ, “ಉರಿ ಜಾಸ್ತಿಯಾಗಿದೆ, ಅಂಚು ಸೀದಿದೆ” ಎಂದರು. ಸ್ಕೆಚ್ ಪೆನ್ನಿನ ಕಂದು ಬಣ್ಣಕ್ಕೆ ಉರಿ ಸಣ್ಣ ಮಾಡುವುದು ಹೇಗೋ! ಮೈಸೂರುಪಾಕಿಗೆ, “ನಡುವೆ ಕೆಂಪಗಿರಬೇಕು, ಗೂಡು ಗೂಡು ಕಾಣಬೇಕು. ಹೀಗಿದ್ದರೆ ಪಾಕ ಬಂದಿಲ್ಲ ಅಂತಲೇ ಅರ್ಥ.” ಮಗಳು ನಡುವೆ ಒಂದು ಕೆಂಪು ಪಟ್ಟಿ ಎಳೆದು ಚುಕ್ಕಿ ಇಟ್ಟಳು. ಅತ್ತೆಗೆ ಸಕ್ಕರೆ ಕಾಯಿಲೆ. ಪಾಕ ಬಂದ ಮೇಲೆ ಆ ತುಂಡು ಅವರ ದಿಂಬಿನ ಪಕ್ಕ ಸೇರಿತು. ಧಾರಾವಾಹಿಯಲ್ಲಿ ಸೊಸೆ ಗೆಲ್ಲುವ ಹೊತ್ತಿಗೆ ಅದನ್ನು ಹಿಡಿದು ಅದುಮುತ್ತಿರುತ್ತಾರೆ.

ನವರಾತ್ರಿಗೆ ಮಾಲು ಸೀದಾ ಗೊಂಬೆ ಮೆಟ್ಟಿಲಿಗೆ ಬಂತು. ಪಟ್ಟದ ಗೊಂಬೆಗಳ ಕೆಳಗೆ ಶೆಟ್ಟಿ-ಶೆಟ್ಟಮ್ಮ ತಲೆತಲಾಂತರದಿಂದ ಅಕ್ಕಿ, ಬೇಳೆ, ಬೆಲ್ಲವನ್ನೇ ಮಾರಿಕೊಂಡು ಕೂತಿದ್ದರು. ಈ ಸಲ ಅವರ ಮುಂದೆ ತಮಗಿಂತ ದೊಡ್ಡ ನಿಪ್ಪಟ್ಟು, ಚಕ್ಕುಲಿ, ಚಿಪ್ಸ್, ಗರ್ಭಿಣಿ ಕೋಡುಬಳೆ. ಶೆಟ್ಟಿಯ ಮುಖದಲ್ಲಿ ಹೊಸ ಗಾಬರಿ ಇತ್ತೆಂದು ನನಗನ್ನಿಸಿತು.

ಸಂಜೆ “ಗೊಂಬೆ ಕೂರ್ಸಿದ್ದೀರಾ?” ಎನ್ನುತ್ತ ಬೀದಿಯ ಮಕ್ಕಳು ನುಗ್ಗಿದವು. ಅತ್ತೆ ಬೆಳಗಿನಿಂದ ನಿಂತು ಕರಿದ ಚಕ್ಕುಲಿಯ ತಟ್ಟೆ ಹಿಡಿದರು. ಒಂದು ಪೋರ ಅದರತ್ತ ಕಣ್ಣೂ ಹಾಕದೆ ಶೆಟ್ಟಿ ಅಂಗಡಿಗೆ ಕೈ ತೋರಿಸಿ, “ಅಜ್ಜಿ, ನಂಗೆ ಆ ಚಕ್ಲಿ” ಎಂದ.

“ಅದು ತಿನ್ನೋದಲ್ಲ ಕಣೋ.”

“ಗೊತ್ತು. ಅದಕ್ಕೇ ಬೇಕು. ತಿಂದ್ರೆ ಖಾಲಿಯಾಗುತ್ತೆ.”

ಅತ್ತೆಗೆ ಉತ್ತರ ಹೊಳೆಯಲಿಲ್ಲ. ಶೆಟ್ಟಿಯ ಅಂಗಡಿ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಅಸಲಿ ಚಕ್ಕುಲಿಯ ತಟ್ಟೆಯನ್ನು ನಾನು, ನಮ್ಮವರು ಟಿ.ವಿ. ಮುಂದೆ ಕೂತು ಮುಗಿಸಿದೆವು. ಅತ್ತೆ ಮಾತ್ರ ಒಳಗೆ ಹೋಗಿ ಬಾಗಿಲ ಹಿಂದಿನ ದೊಡ್ಡ ಕವರನ್ನು ಇಳಿಸಿ ತಂದು ಮೊಮ್ಮಗಳ ಮುಂದೆ ಸುರಿದರು. “ನಾಳೆ ಆ ಕಡೆ ಬೀದಿಯವು ಬರ್ತವೆ. ಒಂದು ಒಬ್ಬೆ ಚಕ್ಕುಲಿ ತೆಗಿ. ಸುತ್ತು ಹತ್ತಿರ ಹತ್ತಿರ ಬರಲಿ, ಮುಳ್ಳು ಕಾಣಬೇಕು.”