ರೈಲು ಹೊರಟಿತ್ತೋ, ಹೊರಡುತ್ತಿತ್ತೋ?

ಎಸ್ಸೆಸ್ಸೆಲ್ಸಿ ಓದುತ್ತಿರುವ ಅಣ್ಣನ ಮಗಳು ಕಳೆದ ಭಾನುವಾರ ಇಂಗ್ಲಿಷ್ ಗೈಡು ಹಿಡಿದು ಬಂದು, "ಚಿಕ್ಕಪ್ಪ, ಇದೊಂದು ಹೇಳಿ" ಅಂದಳು. ಅಡುಗೆಮನೆಯ ಒಗ್ಗರಣೆ ಕಡೆ ಗಮನವಿಟ್ಟು ಕೂತಿದ್ದ ನಾನು ಉದಾರವಾಗಿ ಕನ್ನಡಕ ಏರಿಸಿದೆ.

'ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ____.' ಎ) ಲೆಫ್ಟ್ ಬಿ) ಹ್ಯಾಡ್ ಲೆಫ್ಟ್ ಸಿ) ವಾಸ್ ಲೀವಿಂಗ್ ಡಿ) ಹ್ಯಾಸ್ ಲೆಫ್ಟ್.

ಡಿ ತಪ್ಪು. ಅಷ್ಟನ್ನು ಎದೆ ತಟ್ಟಿ ಹೇಳಿದೆ. ಉಳಿದ ಮೂರರಲ್ಲಿ ಯಾವುದನ್ನು ತಪ್ಪು ಅನ್ನಲಿ? ರೈಲು ಹೋಗಿ, ಪ್ಲಾಟ್‌ಫಾರಮ್ಮಿನಲ್ಲಿ ಕಡಲೆಕಾಯಿ ಸಿಪ್ಪೆ ಮಾತ್ರ ಉಳಿದಿದ್ದರೆ ಬಿ. ನಾನು ಬರುವುದನ್ನೇ ಕಾಯುತ್ತಿದ್ದ ಹಾಗೆ, ಮುಖ ಕಂಡೊಡನೆ ಹೊರಟರೆ ಎ. ಗಾರ್ಡು ಹಸಿರು ಬಾವುಟ ಬೀಸಿ, ಗಾಲಿ ಮೆಲ್ಲಗೆ ಉರುಳುತ್ತಿದ್ದರೆ ಸಿ. ಅರಸೀಕೆರೆ ಜಂಕ್ಷನ್ನಿನಲ್ಲಿ ನನಗೆ ಈ ಮೂರೂ ಆಗಿವೆ. ಸಿ ಆದ ದಿನ ಯಾರೋ ಪುಣ್ಯಾತ್ಮರು ಬಾಗಿಲಿನಿಂದ ಕೈಚಾಚಿ ಎಳೆದುಕೊಂಡರು. ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು.

ಮುಂದಿನದು ಬಾಲದ ಪ್ರಶ್ನೆ: 'ಐ ಆಮ್ ಲೇಟ್, ____?' ಆಯ್ಕೆಗಳಲ್ಲಿ 'ಆರಂಟ್ ಐ' ಇದೆ, 'ಆಮ್ ಐ ನಾಟ್' ಕೂಡ ಇದೆ. ಎರಡೂ ಸರಿಯೇ. ಕೀ ಮಾತ್ರ ಮೊದಲನೆಯದಕ್ಕೇ ಅಂಟಿಕೊಂಡಿದೆ. ನಮ್ಮ ಭಾಷೆಯಲ್ಲಿ ಈ ರಗಳೆಯೇ ಇಲ್ಲ. ತಡ ಆಯ್ತು, ಅಲ್ವಾ? ಅವರು ಬರಲಿಲ್ಲ, ಅಲ್ವಾ? ಒಂದೇ ಬಾಲ, ಎಲ್ಲ ಪ್ರಾಣಿಗೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ಮಾತೆತ್ತಿದರೆ 'ಈಸಂಟ್ ಇಟ್' ಅನ್ನುತ್ತೇವಲ್ಲ, ಅದು ಈ ಅಲ್ವಾಕ್ಕೇ ಪ್ಯಾಂಟು ತೊಡಿಸಿದ್ದು.

ಈ ಎಬಿಸಿಡಿ ಪರೀಕ್ಷೆಯ ಮೂಲಪುರುಷ ಅಮೆರಿಕದ ಕಾನ್ಸಾಸಿನ ಫ್ರೆಡರಿಕ್ ಕೆಲಿ ಎನ್ನುತ್ತಾರೆ, 1914ರ ಸುಮಾರಿಗೆ. ಮೇಷ್ಟ್ರ ಮರ್ಜಿಗೆ ತಕ್ಕಂತೆ ಅಂಕ ಏರಿಳಿಯಬಾರದೆಂದು ಮಾಡಿದ ಉಪಾಯ. ಪ್ರಶ್ನೆಗೆ ಒಂದೇ ಅರ್ಥ, ಒಂದೇ ಉತ್ತರ ಇರಬೇಕು ಅನ್ನುವುದು ಅವನ ಷರತ್ತು. ಉಪಾಯ ಹಡಗು ಹತ್ತಿ ಬಂತು. ಷರತ್ತು, ನನ್ನ ಚಪ್ಪಲಿಯ ಹಾಗೆ, ದಡದಲ್ಲೇ ಉಳಿಯಿತು. ಹತ್ತನೇ ಕ್ಲಾಸಿನಲ್ಲಾದರೆ ಒಂದು ಅಂಕ ಹೋದೀತು. ಬ್ಯಾಂಕ್ ಪರೀಕ್ಷೆಯಲ್ಲಿ ಬರಬೇಕಾದದ್ದು ಬಾರದೆ, ಇದ್ದದ್ದರಲ್ಲೂ ಕಾಲು ಅಂಕ ಕತ್ತರಿಸುತ್ತಾರೆ.

ಹುಡುಗಿ ನನ್ನ ರೈಲುಪುರಾಣವನ್ನು ಪೂರ್ತಿ ಕೇಳಿ, ಗೈಡಿನ ಕೊನೇ ಪುಟ ತಿರುಗಿಸಿದಳು. "ಬಿ."

"ಯಾಕಂತೆ?"

"ಕಾರಣ ಕೊಟ್ಟಿಲ್ಲ. ವೆನ್ ಇದ್ದು, ಟ್ರೈನ್ ಇದ್ದರೆ ಹ್ಯಾಡ್ ಹಾಕಿ ಅಂದಿದ್ದಾರೆ ಮಿಸ್. ನೀವು ಹತ್ತಿದ್ರೋ ಬಿಟ್ರೋ ಅವರಿಗೆ ಬೇಡ, ಚಿಕ್ಕಪ್ಪ."

ಪ್ರಶ್ನೆ ಬರೆಯುವ ಮಹನೀಯರೇ, ಕೊನೆಯಲ್ಲಿ 'ಫೈವ್ ಮಿನಿಟ್ಸ್ ಅರ್ಲಿಯರ್' ಅಂತ ಮೂರು ಪದ ಸೇರಿಸಿಬಿಡಿ. ಆಗ ನಾನೂ ಬಿಗೇ ಟಿಕ್ ಹಾಕುತ್ತೇನೆ.