ರುಂಡದ ಮುಂದೆ ದೊಡ್ಡಾಟ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ ಬೆಳಗಿನ ತನಕ ದೊಡ್ಡಾಟ ಕಂಡವರಿಗೆ, ರಾಜವೇಷದವನು ಗೆಜ್ಜೆಗಾಲನ್ನು ಅಟ್ಟದ ಹಲಗೆಗೆ ಅಪ್ಪಳಿಸಿದೊಡನೆ ಹುಟ್ಟುವ ಘೋಷವೂ, ಆಗ ಎದ್ದ ಧೂಳಿಗೆ ಮುಖವೀಣೆಯವನು ಸ್ವರ ಬಿಟ್ಟು ಸೀನುವ ಅನುಪಮ ನಾದವೂ ಚಿರಪರಿಚಿತವೇ.

ಈ ವೈಭವವನ್ನು ಹೆಡ್‌ಫೋನಿನಲ್ಲಿ ಕೇಳಲೆಂದು ಗದಗ-ಬೆಟಗೇರಿಯ ಯಾವುದಾದರೊಂದು ಸ್ಟುಡಿಯೋದಲ್ಲಿ ಮುದ್ರಿಸಹೊರಟರೆ, ತಂತ್ರಜ್ಞರು ಎರಡೂ ಕಿವಿಗಳೊಳಗೆ ಮೈಕು ಹುದುಗಿಸಿದ ಕೃತಕ ಶಿರಸ್ಸೊಂದನ್ನು ಕಂಬದ ಮೇಲೆ ಪ್ರತಿಷ್ಠಾಪಿಸುವರು. ಆ ರುಂಡವನ್ನು ಕಂಡ ನಮ್ಮ ವೀರನಾದರೋ, ಯುದ್ಧವು ತಾನು ಬರುವ ಮೊದಲೇ ಮುಗಿದಿರಬೇಕೆಂದು ಭಾವಿಸಿ ಕಿರೀಟವನ್ನೇ ಕಳಚಿಯಾನು! ದೊಡ್ಡಾಟದಲ್ಲಿ ರಂಗಕ್ಕೆ ಬಂದ ವೇಷದ ಹೆಸರು ಕೇಳಿ ಮಾತಾಡಿಸುವ ಸಾರಥಿಯೂ ಅಲ್ಲಿ ಇಲ್ಲ.

ಮೇಲಾಗಿ, ಹೆಜ್ಜೆಯ ಸದ್ದಿನಲ್ಲಿ ದೊಡ್ಡ ಪಾಲು ಕಾಲಿನದಲ್ಲ, ಹಲಗೆಯ ಕೆಳಗಣ ಪೊಳ್ಳಿನದು. ಸ್ಟುಡಿಯೋದ ಜಮಖಾನೆ ಹಾಸಿದ ನೆಲದಲ್ಲಿ ದುರ್ಯೋಧನನ ಪದಾಘಾತವೂ ಬೆಕ್ಕಿನ ನಡಿಗೆಯಾಗುವುದು. ಆದುದರಿಂದ, ಧ್ವನಿಮುದ್ರಕ ಮಹಾಶಯರೇ, ಮೊದಲು ಬಡಿಗನನ್ನು ಕರೆಸಿ ಅಟ್ಟ ಕಟ್ಟಿಸಿರಿ. ಕಲಾವಿದನ ಮಾತು ಆಮೇಲೆ.